ದನಿ ಏರಿಸುವ ಗುಂಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ಆಮೇಲೆ ನಮ್ಮ ನಿಮ್ಮ ಮನೆಗಳಲ್ಲಿ ಒಂದು ಬಗೆಯ ಲ್ಯಾಪ್‌ಟಾಪ್ ಹೆಚ್ಚಾಗಿ ಕಾಣಸಿಗುತ್ತದೆ. ಅದರ ಪರದೆ ಚೆನ್ನಾಗಿರುತ್ತದೆ, ಕೀಬೋರ್ಡಿನ ಅಕ್ಷರ ಕೂಡ ಅಳಿಸಿರುವುದಿಲ್ಲ. ಆದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇಲ್ಲವೆಂದೋ, ಪ್ರೊಸೆಸರ್ ಹಳೆಯದೆಂದೋ ವಿಂಡೋಸ್ 11 ಅದಕ್ಕೆ ಒಲ್ಲೆ ಎನ್ನುತ್ತದೆ. ಗುಜರಿಗೆ ಕೊಡಲು ಮನಸ್ಸು ಬಾರದು. ಇಂಜಿನಿಯರಿಂಗ್ ಓದುವ ಮಗನೋ, ಪಕ್ಕದ ಮನೆಯ ಹುಡುಗಿಯೋ ಒಂದು ಭಾನುವಾರ ಕುಳಿತು ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಎಂಬ ಪುಕ್ಕಟೆಯ, ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಕೊಡುತ್ತಾರೆ. ಯಂತ್ರ ಚುರುಕಾಗುತ್ತದೆ, ವೈಫೈ ಸಿಗುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ. ಸಂಜೆ ಅಜ್ಜ ಹಳೆಯ ತಾಳಮದ್ದಲೆಯೊಂದನ್ನು ಹಾಕಿ, ಅರ್ಥಧಾರಿಯ ಮಾತು ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸುವ ಗುಂಡಿ ಒತ್ತುತ್ತಾರೆ. ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಆಗ ಮನೆಯಲ್ಲಿ ಯಾರಾದರೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ: ಪುಕ್ಕಟೆ ಸಿಕ್ಕಿದ್ದು ಇಷ್ಟೇ ಅಲ್ಲವೇ!

ಈ ತೀರ್ಪು ಸುಲಭ, ಅನ್ಯಾಯದ್ದೂ ಹೌದು. ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ನೀರಿನ ಮಂಡಳಿಯನ್ನು ಬೈಯುವ ಮೊದಲು ಮಹಡಿ ಹತ್ತಿ ಟ್ಯಾಂಕ್ ನೋಡುತ್ತೇವೆ, ವಾಲ್ವ್ ತಿರುಗಿಸುತ್ತೇವೆ, ಅಡುಗೆಮನೆಯ ನಲ್ಲಿಯಲ್ಲಾದರೂ ಬರುತ್ತಿದೆಯೇ ಎಂದು ವಿಚಾರಿಸುತ್ತೇವೆ. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ವಾಲ್ಯೂಮ್ ಗುಂಡಿಯ ಕತೆಯೂ ಇಷ್ಟೇ. ಮುಕ್ತ ತಂತ್ರಾಂಶದ ಒಂದು ದೊಡ್ಡ ಅನುಕೂಲವೆಂದರೆ ಅದರ ದಾರಿಯಲ್ಲಿ ಯಾವುದನ್ನೂ ಗೋಡೆಯೊಳಗೆ ಹೂತಿಟ್ಟಿಲ್ಲ. ಪ್ರತಿ ತಿರುವಿನಲ್ಲೂ ನಿಂತು ಇಣುಕಿ ನೋಡಬಹುದು.

ಗುಂಡಿ ಒತ್ತಿದಾಗ ಕೀಬೋರ್ಡಿನಿಂದ ಒಂದು ಸಂಕೇತ ಹೊರಡುತ್ತದೆ. ಅದು ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ತಲುಪುತ್ತದೆ. ಕರ್ನೆಲ್ ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಸದ್ದಡಗಿಸುವ ಗುಂಡಿಗೆ 113, ಇಳಿಸುವುದಕ್ಕೆ 114, ಏರಿಸುವುದಕ್ಕೆ 115. ಯಾವ ಕಂಪನಿಯ ಲ್ಯಾಪ್‌ಟಾಪ್ ಆದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಅಲ್ಲಿಂದ ಪರದೆಯ ಉಸ್ತುವಾರಿ ನೋಡುವ ಎಕ್ಸ್ ಎಂಬ ಪದರಕ್ಕೆ ಹೋಗುವಾಗ ಪ್ರತಿ ಸಂಖ್ಯೆಗೂ ಎಂಟು ಸೇರುತ್ತದೆ, 115 ಹೋಗಿ 123 ಆಗುತ್ತದೆ. ಆ 123ಕ್ಕೆ ‘ವಾಲ್ಯೂಮ್ ಏರಿಸು’ ಎಂಬ ಅರ್ಥದ ಹೆಸರು ಕೊಡುವುದು ಬೇರೊಂದು ಪಟ್ಟಿ. ಕೊನೆಗೆ ಆ ಹೆಸರನ್ನು ಕೇಳಿ ಡೆಸ್ಕ್‌ಟಾಪ್‌ನ ಯಾವುದೋ ಒಂದು ಸಣ್ಣ ಪ್ರೋಗ್ರಾಂ ಎದ್ದು, ಧ್ವನಿಯನ್ನು ಒಂದಿಷ್ಟು ಏರಿಸುವಂತೆ ಧ್ವನಿ ವ್ಯವಸ್ಥೆಗೆ ಹೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸದಲ್ಲಿ ಇಷ್ಟು ಕೈಗಳಿವೆ.

ಹಾಗಾಗಿ ಮೊದಲು ಕೇಳಬೇಕಾದ್ದು ಗುಂಡಿಯ ಸಂಕೇತ ಎಲ್ಲಿಯವರೆಗೆ ಬಂತು ಎಂದು. ಅದಕ್ಕೆ ‘ಎಕ್ಸ್‌ಇವಿ’ ಎಂಬ ಪುಟ್ಟ ಉಪಕರಣವಿದೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್‌ನಲ್ಲಿ ಆ ಹೆಸರು ಬರೆದು ಎಂಟರ್ ಒತ್ತಿದರೆ ಬಿಳಿಯ ಚೌಕವೊಂದು ತೆರೆಯುತ್ತದೆ. ಅದರ ಮೇಲೆ ಮೌಸ್ ಇಟ್ಟು ವಾಲ್ಯೂಮ್ ಗುಂಡಿ ಒತ್ತಿ ನೋಡಿ. 123 ಎಂಬ ಸಂಖ್ಯೆಯೂ ಹೆಸರೂ ಕಾಣಿಸಿದರೆ ಕೀಬೋರ್ಡಿನಲ್ಲಿ ದೋಷವಿಲ್ಲ, ಕರ್ನೆಲ್‌ನಲ್ಲೂ ಇಲ್ಲ. ಮುಂದಿನ ಮನೆಯಲ್ಲಿ ಹುಡುಕಬೇಕು. ಏನೂ ಕಾಣಿಸದಿದ್ದರೆ ಹಿಂದಿನ ಮನೆಯಲ್ಲಿ. ಕರ್ನೆಲ್ ತನ್ನ ದಿನಚರಿಯಂಥ ದಾಖಲೆಯಲ್ಲಿ ಕೆಲವೊಮ್ಮೆ ತಾನೇ ಬರೆದಿಟ್ಟಿರುತ್ತದೆ: ಗೊತ್ತಿಲ್ಲದ ಗುಂಡಿಯೊಂದು ಒತ್ತಲ್ಪಟ್ಟಿತು, ಅದರ ಸಂಕೇತ ಇಂಥದ್ದು, ಅದನ್ನು ಪರಿಚಯಿಸಲು ಇಂಥ ಆಜ್ಞೆ ಕೊಡಿ. ತನಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳಿ, ತಿಳಿಸಿಕೊಡುವ ದಾರಿಯನ್ನೂ ಹೇಳುವುದು! ಇಂಥ ವಿನಯ ಮನುಷ್ಯರಲ್ಲೂ ಅಪರೂಪ.

ಇದಕ್ಕೂ ಮೊದಲು ಒಂದು ಸರಳ ಪರೀಕ್ಷೆಯಿದೆ, ಗಡಿಬಿಡಿಯಲ್ಲಿ ಅದನ್ನು ಬಿಟ್ಟುಬಿಡುತ್ತೇವೆ. ಮೇಲಿನ ಸಾಲಿನ ಎಫ್ ಗುಂಡಿಗಳಿಗೆ ಎರಡೆರಡು ಪಾತ್ರ. ಎಫ್‌ಎನ್ ಗುಂಡಿಯೊಡನೆ ಒತ್ತಿದರೆ ಒಂದು ಕೆಲಸ, ಬರಿದೇ ಒತ್ತಿದರೆ ಇನ್ನೊಂದು. ಯಾವುದು ಯಾವಾಗ ಎಂಬುದನ್ನು, ಯಂತ್ರವನ್ನು ಮೊದಲು ಎಬ್ಬಿಸುವ ಬಯಾಸ್‌ನ ಒಂದು ಸೆಟ್ಟಿಂಗ್ ತೀರ್ಮಾನಿಸುತ್ತದೆ. ಹಲವು ಯಂತ್ರಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಈ ಪಾತ್ರ ಅದಲು ಬದಲಾಗುತ್ತದೆ. ಮನೆಯ ಪುಟ್ಟ ಮಗು ಕೀಬೋರ್ಡಿನ ಮೇಲೆ ಕೈಯಾಡಿಸಿ ಹೋದ ಮೇಲೆ ‘ಕೆಟ್ಟ’ ಗುಂಡಿಗಳು ಎಷ್ಟೋ ಸಲ ಹೀಗೆ ರಿಪೇರಿಯಾಗಿವೆ.

ಕೆಲವು ಗುಂಡಿಗಳು ಕೀಬೋರ್ಡಿನ ಹೆದ್ದಾರಿಯಲ್ಲಿ ಬರುವುದೇ ಇಲ್ಲ. ತಯಾರಕರು ತಮಗೆ ತೋಚಿದ ಒಳದಾರಿಯಲ್ಲಿ ಅವನ್ನು ಕಳಿಸುತ್ತಾರೆ. ಅದಕ್ಕಾಗಿಯೇ ಥಿಂಕ್‌ಪ್ಯಾಡ್‌ಗೊಂದು, ಏಸಸ್‌ಗೊಂದು, ಡೆಲ್‌ಗೊಂದು, ಎಚ್‌ಪಿಗೊಂದು ಬೇರೆ ಬೇರೆ ಡ್ರೈವರ್‌ಗಳು ಕರ್ನೆಲ್‌ನಲ್ಲಿವೆ. ಮೈಕ್ ಅಡಗಿಸುವ ಗುಂಡಿಯದಂತೂ ಸ್ವಾರಸ್ಯದ ಕತೆ. ಕರ್ನೆಲ್‌ನಲ್ಲಿ ಅದಕ್ಕೆ ಸಿಕ್ಕ ಸಂಖ್ಯೆ 248. ಎಂಟು ಸೇರಿಸಿದರೆ 256. ಆದರೆ 1987ರಲ್ಲಿ ಬಂದ ಎಕ್ಸ್‌ನ ಹನ್ನೊಂದನೆಯ ಆವೃತ್ತಿಯ ನಿಯಮದಲ್ಲಿ ಗುಂಡಿಯ ಸಂಖ್ಯೆ 255ನ್ನು ದಾಟುವಂತಿಲ್ಲ. ವಿಡಿಯೋ ಸಭೆಯಲ್ಲಿ ಮೈಕ್ ಅಡಗಿಸಬೇಕಾದ ಕಾಲವೊಂದು ಬರಬಹುದೆಂದು ಆಗ ಯಾರು ಎಣಿಸಿದ್ದರು! ಕೇವಲ ಒಂದಂಕೆಯ ಅಂತರದಲ್ಲಿ ಆ ಗುಂಡಿ ಬಾಗಿಲ ಹೊರಗೇ ಉಳಿಯಿತು. ಹಳೆಯ ನಿಯಮವನ್ನು ಮುರಿದರೆ ಅದನ್ನು ನಂಬಿದ ಸಾವಿರ ತಂತ್ರಾಂಶಗಳು ಕೆಡುತ್ತವೆ. ಅದಕ್ಕೆ ಬಲ್ಲವರು ಬೇರೆ ಉಪಾಯ ಮಾಡಿದರು. ಎಫ್ 20 ಎಂಬ ಗುಂಡಿ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ, ಅದರ ಸಂಖ್ಯೆ ಖಾಲಿ ಬಿದ್ದಿತ್ತು. ಮೈಕ್ ಗುಂಡಿಯನ್ನು ಆ ಹೆಸರಿನಲ್ಲಿ ಒಳಗೆ ಕರೆತಂದು, ಒಳಗೆ ಬಂದ ಮೇಲೆ ಅದರ ನಿಜವಾದ ಹೆಸರನ್ನು ಮರಳಿ ಕೊಟ್ಟರು. ಶುದ್ಧ ತರ್ಕದವರಿಗೆ ಇದು ತೇಪೆ ಎನಿಸೀತು. ಯಾರಿಗೂ ತೊಂದರೆ ಕೊಡದೆ ಎಲ್ಲರ ಕೆಲಸ ನಡೆಸಿಕೊಟ್ಟ ತೇಪೆಯ ಬಗ್ಗೆ ನನಗೆ ಗೌರವವಿದೆ.

ಇನ್ನು ಎಕ್ಸ್‌ಇವಿಯಲ್ಲಿ ಗುಂಡಿಯ ಹೆಸರು ಕಾಣಿಸುತ್ತದೆ, ಸದ್ದು ಮಾತ್ರ ಏರುವುದಿಲ್ಲ ಎಂಬ ಸ್ಥಿತಿ. ಕರೆ ಬಂದಿದೆ, ಓಗೊಡುವವರಿಲ್ಲ. ಸಿನಮನ್, ಗ್ನೋಮ್, ಕೆಡಿಇಯಂಥ ದೊಡ್ಡ ಡೆಸ್ಕ್‌ಟಾಪ್‌ಗಳಲ್ಲಿ ಓಗೊಡುವ ವ್ಯವಸ್ಥೆ ಮೊದಲಿನಿಂದಲೇ ಇರುತ್ತದೆ. ಹಳೆಯ ಯಂತ್ರಕ್ಕೆ ಹಗುರವೆಂದು ನಾವು ಆರಿಸುವ ಎಕ್ಸ್‌ಎಫ್‌ಸಿಇಯಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ನೋಡಿಕೊಳ್ಳುವುದು ಪ್ಯಾನೆಲ್‌ನಲ್ಲಿ ಕೂತ ಸ್ಪೀಕರ್ ಚಿತ್ರದ ಪುಟ್ಟ ಪ್ಲಗಿನ್. ಪ್ಯಾನೆಲ್ ಚೊಕ್ಕವಾಗಿರಲಿ ಎಂದು ಆ ಚಿತ್ರವನ್ನು ತೆಗೆದುಹಾಕಿದರೆ ಗುಂಡಿಗಳೂ ಅಂದೇ ಮೂಕವಾಗುತ್ತವೆ. ಅಲಂಕಾರವೆಂದು ಕಂಡದ್ದು ಆಧಾರವಾಗಿತ್ತೆಂದು ಆಮೇಲೆ ತಿಳಿಯುತ್ತದೆ. ಚಿತ್ರವನ್ನು ಮರಳಿ ಸೇರಿಸಿ, ಅದರ ಸೆಟ್ಟಿಂಗ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಸಾಕು. ಓಪನ್‌ಬಾಕ್ಸ್‌ನಂಥ ಇನ್ನೂ ಹಗುರಾದವುಗಳಲ್ಲಿ ಈ ಗುಂಡಿ ಬಂದರೆ ಇಂಥ ಕೆಲಸ ಮಾಡು ಎಂದು ನಾವೇ ಸೆಟ್ಟಿಂಗ್ ಕಡತದಲ್ಲಿ ಬರೆಯಬೇಕಾಗಬಹುದು. ಬರೆಯುವಾಗ ಏರಿಸುವುದಕ್ಕೆ ನೂರರ ಮಿತಿಯನ್ನೂ ಹಾಕುವುದು ಒಳ್ಳೆಯದು. ಮಿತಿಯಿಲ್ಲದಿದ್ದರೆ ಕೆಲವು ಆಜ್ಞೆಗಳು ಶೇಕಡಾ 100ನ್ನೂ ದಾಟಿಸುತ್ತವೆ, ಆಗ ಬಡಪಾಯಿ ಸ್ಪೀಕರ್ ಕರಕರ ಅನ್ನುತ್ತದೆ.

ಹಾಡು ನಿಲ್ಲಿಸುವ, ಮುಂದಿನದಕ್ಕೆ ದಾಟಿಸುವ ಗುಂಡಿಗಳ ಹಿಂದೆ ಬೇರೊಂದು ಒಪ್ಪಂದವಿದೆ. ಎಂಪ್ರಿಸ್ ಎಂದು ಅದನ್ನು ಕರೆಯುತ್ತಾರೆ. ವಿಎಲ್‌ಸಿ ಆಗಲಿ, ರಿದಂಬಾಕ್ಸ್ ಆಗಲಿ, ಫೈರ್‌ಫಾಕ್ಸ್‌ನಲ್ಲಿ ತೆರೆದ ವಿಡಿಯೋ ಆಗಲಿ, ನುಡಿಸು, ನಿಲ್ಲಿಸು ಎಂಬ ಮಾತುಗಳನ್ನು ಒಂದೇ ರೀತಿಯಲ್ಲಿ ಕೇಳಿಸಿಕೊಳ್ಳುತ್ತೇವೆಂದು ಅವೆಲ್ಲ ಒಪ್ಪಿವೆ. ಒಬ್ಬರನ್ನೊಬ್ಬರು ಕಾಣದ ಜನ ಬೇರೆ ಬೇರೆ ಕಾಲದಲ್ಲಿ ಬರೆದ ತಂತ್ರಾಂಶಗಳು ಒಂದೇ ಗುಂಡಿಗೆ ತಲೆದೂಗುತ್ತವೆ.

ಗುಂಡಿಯ ಕಡೆ ಎಲ್ಲ ಸರಿಯಿದ್ದೂ ಸದ್ದೇ ಇಲ್ಲವೆಂದರೆ ಧ್ವನಿಯ ಕಡೆ ತಿರುಗಬೇಕು. ಇಲ್ಲೂ ಪದರಗಳಿವೆ, ಅವಕ್ಕೊಂದು ಚರಿತ್ರೆಯೂ ಇದೆ. ಯಾರೊಸ್ಲಾವ್ ಕಿಸೆಲಾ ಎಂಬ ಚೆಕ್ ದೇಶದ ಪ್ರೋಗ್ರಾಮರ್ ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಒಂದು ಕಾರ್ಡಿಗಾಗಿ ಬರೆದ ಡ್ರೈವರ್‌ನಿಂದ 1998ರಲ್ಲಿ ಆಲ್ಸಾ ಎಂಬ ಯೋಜನೆ ಹುಟ್ಟಿತು. ಇಂದಿಗೂ ಲಿನಕ್ಸ್‌ನಲ್ಲಿ ಸ್ಪೀಕರಿಗೆ ತೀರ ಹತ್ತಿರದಲ್ಲಿರುವುದು ಅದೇ. ಅದರ ಮೇಲೆ ಲೆನಾರ್ಟ್ ಪೊಟರಿಂಗ್ ಅವರ ಪಲ್ಸ್‌ಆಡಿಯೊ ಬಂತು. ಹಾಡೊಂದು, ಕರೆಯ ಗಂಟೆಯೊಂದು ಏಕಕಾಲಕ್ಕೆ ಕೇಳಿಸಬೇಕು, ಒಂದೊಂದರ ಸದ್ದನ್ನೂ ಬೇರೆ ಬೇರೆಯಾಗಿ ಹದಗೊಳಿಸಬೇಕು ಎಂಬುದು ಅದರ ಆಸೆ. 2008ರ ಉಬುಂಟು 8.04ರಲ್ಲಿ ಅದನ್ನು ಸೇರಿಸಿದಾಗ ಬಳಕೆದಾರರು ಪಟ್ಟ ಪಾಡನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಸದ್ದು ಒಡೆಯುವುದು, ಇದ್ದಕ್ಕಿದ್ದಂತೆ ನಿಲ್ಲುವುದು, ಎಲ್ಲ ಆಯಿತು. ಆಮೇಲೆ ವಿಮ್ ಟೈಮನ್ಸ್ ಅವರು ಪೈಪ್‌ವೈರ್ ಬರೆದರು. ಅದು 2021ರಲ್ಲಿ ಫೆಡೋರಾ 34ರ ಪಾಲಿಗೆ ಮುಖ್ಯ ಧ್ವನಿ ವ್ಯವಸ್ಥೆಯಾಯಿತು, 2024ರಲ್ಲಿ ಲಿನಕ್ಸ್ ಮಿಂಟ್ 22ಕ್ಕೂ ಬಂತು. ಈ ಸಲ ಅಷ್ಟು ಗಲಾಟೆಯಾಗಲಿಲ್ಲ. ಪಲ್ಸ್‌ಆಡಿಯೊಗೆಂದು ಬರೆದ ತಂತ್ರಾಂಶಗಳೂ, ಸಂಗೀತದ ವೃತ್ತಿಯವರು ಬಳಸುವ ಜ್ಯಾಕ್‌ಗೆಂದು ಬರೆದವೂ ಒಂದಕ್ಷರ ಬದಲಾಗದೆ ಅದರ ಮೇಲೆ ನಡೆಯುವಂತೆ ಅದನ್ನು ಕಟ್ಟಿದ್ದರು. ಹೊಸದು ಬಂದ ದಿನ ಹಳಬರು ತಮ್ಮ ಅಭ್ಯಾಸ ಬಿಡಬೇಕಾಗಲಿಲ್ಲ. ಸುಧಾರಣೆಗೆ ಹೊರಟ ಎಲ್ಲರೂ ಈ ಎರಡು ವರ್ಷಗಳನ್ನು, 2008 ಮತ್ತು 2021ನ್ನು, ಅಕ್ಕಪಕ್ಕ ಇಟ್ಟು ನೋಡಬೇಕು.

ಕೈಗೆಟುಕುವ ಪರೀಕ್ಷೆಗಳು ಎರಡು. ಧ್ವನಿಯ ಸೆಟ್ಟಿಂಗ್ ತೆರೆದು ಸದ್ದು ಯಾವ ಸಾಧನಕ್ಕೆ ಹೋಗುತ್ತಿದೆ ಎಂದು ನೋಡಿ. ಎಚ್‌ಡಿಎಂಐ ಎಂದಿದ್ದರೆ, ಮನೆಯಲ್ಲಿ ಇಲ್ಲದ ಟಿವಿಗೆ ಲ್ಯಾಪ್‌ಟಾಪ್ ಶ್ರದ್ಧೆಯಿಂದ ಹಾಡು ಕಳಿಸುತ್ತಿದೆ ಎಂದರ್ಥ. ಅದು ಸರಿಯಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆಯಿರಿ. ಎಫ್ 6 ಒತ್ತಿ ನಿಜವಾದ ಸೌಂಡ್‌ಕಾರ್ಡ್ ಆರಿಸಿಕೊಂಡರೆ ಕಂಬಗಳು ಸಾಲಾಗಿ ನಿಲ್ಲುತ್ತವೆ: ಮಾಸ್ಟರ್, ಹೆಡ್‌ಫೋನ್, ಸ್ಪೀಕರ್. ಯಾವುದರ ಬುಡದಲ್ಲಿ ‘ಎಂ ಎಂ’ ಎಂದಿದೆಯೋ ಅದರ ಬಾಯಿ ಕಟ್ಟಿದೆ, ಎಂ ಗುಂಡಿ ಒತ್ತಿದರೆ ಬಿಚ್ಚುತ್ತದೆ. ಆಲ್ಸಾದ ಮೂಲ ಪದ್ಧತಿಯಲ್ಲಿ ಎಲ್ಲ ಕಂಬಗಳೂ ಮೊದಲಿಗೆ ಮೌನವಾಗಿಯೇ ಇರುತ್ತವೆ. ಮನೆಯವರು ಹೇಳುವವರೆಗೆ ಸದ್ದು ಮಾಡಬಾರದೆಂಬ ಈ ಪದ್ಧತಿಯನ್ನು ಮದುವೆ ಮನೆಯ ಧ್ವನಿವರ್ಧಕದವರು ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸುವುದುಂಟು.

ಇಷ್ಟಾದರೂ ಸ್ಪೀಕರ್ ಬಾಯಿ ಬಿಡದ ಯಂತ್ರಗಳಿವೆ. ಇಲ್ಲಿಂದ ಮುಂದಿನದು ನಾನು ಹೇಳಬೇಕೆಂದಿದ್ದ ವಿಷಯ. ಬಹುತೇಕ ಲ್ಯಾಪ್‌ಟಾಪ್‌ಗಳ ಒಳಗೆ ಧ್ವನಿಯ ಚಿಪ್ಪು ಒಂದೇ ಜಾತಿಯದು, ರಿಯಲ್‌ಟೆಕ್ ಕಂಪನಿಯದು ತುಂಬ ಸಾಮಾನ್ಯ. ಆದರೆ ಚಿಪ್ಪಿನ ಯಾವ ಕಾಲಿಗೆ ಸ್ಪೀಕರ್ ಕಟ್ಟಬೇಕು, ಯಾವುದಕ್ಕೆ ಮೈಕ್ ಎಂಬುದನ್ನು ಪ್ರತಿ ತಯಾರಕರು ಪ್ರತಿ ಮಾದರಿಯಲ್ಲಿ ತಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸುತ್ತಾರೆ. ಬದಲಿಸಿದ್ದನ್ನು ಬಯಾಸ್‌ನಲ್ಲಿ ಎಲ್ಲರೂ ಸರಿಯಾಗಿ ಬರೆದಿಡುವುದಿಲ್ಲ. ಹಾಗಾಗಿ ಕರ್ನೆಲ್‌ನ ಒಳಗೆ ಒಂದು ಉದ್ದನೆಯ ಪಟ್ಟಿ ಬೆಳೆದಿದೆ. ಇಂಥ ಗುರುತಿನ ಸಂಖ್ಯೆಯ ಯಂತ್ರವಾದರೆ ಈ ಕಾಲಿನ ತಂತಿಯನ್ನು ಹೀಗೆ ತಿಳಿ ಎಂದು ನೂರಾರು ಸಾಲುಗಳು. ಎಷ್ಟೋ ಸಾಲುಗಳು ಸದ್ದಿಗಾಗಿ ಕೂಡ ಅಲ್ಲ, ಮ್ಯೂಟ್ ಗುಂಡಿಯ ಮೇಲಿನ ಎಳ್ಳುಕಾಳಿನಷ್ಟು ದೀಪ ಸರಿಯಾದ ಹೊತ್ತಿಗೆ ಹೊತ್ತಲಿ ಎಂದು. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರಿಗೋ ಆ ದೀಪ ಹೊತ್ತದೆ ಕಸಿವಿಸಿಯಾಗಿದೆ, ಅವರು ಸುಮ್ಮನಿರದೆ ತಿಳಿಸಿದ್ದಾರೆ. ಈ ಭಾಗವನ್ನು ವರ್ಷಾನುಗಟ್ಟಲೆ ಸೂಸೆ ಕಂಪನಿಯ ತಕಾಶಿ ಇವಾಯಿ ನೋಡಿಕೊಂಡು ಬಂದಿದ್ದಾರೆ. ಅವರೂ ಜಗತ್ತಿನ ಎಲ್ಲ ಲ್ಯಾಪ್‌ಟಾಪ್‌ಗಳನ್ನು ಮೇಜಿನ ಮೇಲೆ ಇಟ್ಟುಕೊಂಡಿರಲು ಸಾಧ್ಯವಿಲ್ಲವಲ್ಲ. ಅಂಥ ಸಾಲು ಸೇರಿಸುವಾಗ ಜೊತೆಯ ಟಿಪ್ಪಣಿಯಲ್ಲಿ ದೋಷ ತಿಳಿಸಿದವರು ಇಂಥವರು, ಪರೀಕ್ಷಿಸಿ ನೋಡಿದವರು ಇಂಥವರು ಎಂದು ಹೆಸರು ಬರೆಯುವ ರೂಢಿಯಿದೆ. ಹೀಗೆ ಹೆಸರು ಬಂದವರಲ್ಲಿ ಪ್ರೋಗ್ರಾಂನ ಒಂದು ಸಾಲನ್ನೂ ಬರೆಯದವರು ಬೇಕಾದಷ್ಟು ಮಂದಿ.

ನಮ್ಮ ಕಡೆಯವರ ಪಾಲೂ ಈ ಕಟ್ಟಡದಲ್ಲಿದೆ. ಗುಂಡಿ ಸಂಖ್ಯೆ 123ಕ್ಕೆ ‘ವಾಲ್ಯೂಮ್ ಏರಿಸು’ ಎಂದು ಹೆಸರಿಡುವ ಕಡತಗಳ ಕಟ್ಟಿನಲ್ಲೇ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ಕೀಲಿಮಣೆಯೂ ಇದೆ. ಮಿಂಟ್‌ನಲ್ಲಿ ಕೀಬೋರ್ಡ್ ವಿನ್ಯಾಸಗಳ ಪಟ್ಟಿ ತೆರೆದು ಕನ್ನಡ ಎಂದು ಹುಡುಕಿದರೆ ಸಿಗುತ್ತದೆ, ಪ್ರತ್ಯೇಕವಾಗಿ ಏನನ್ನೂ ತಂದು ಹಾಕಬೇಕಿಲ್ಲ. ಅದನ್ನು ಅಲ್ಲಿಗೆ ಸೇರಿಸಿದವರು ತಮ್ಮ ಯಂತ್ರಕ್ಕೆ ಮಾತ್ರ ಹಾಕಿಕೊಂಡು ಸುಮ್ಮನಿರಬಹುದಿತ್ತು.

ಬಹುಪಾಲು ನಾವು ಮಾಡುವುದು ಅದನ್ನೇ. ರಾತ್ರಿ ಹನ್ನೊಂದರವರೆಗೆ ಹುಡುಕುತ್ತೇವೆ, ಎಲ್ಲೋ ಒಂದು ಸಾಲು ಸಿಗುತ್ತದೆ, ಅದನ್ನು ಸೆಟ್ಟಿಂಗ್ ಕಡತಕ್ಕೆ ಹಾಕಿ ಯಂತ್ರ ಮರುಚಾಲೂ ಮಾಡಿದರೆ ಸದ್ದು ಬಂದುಬಿಡುತ್ತದೆ. ಗೆದ್ದೆವೆಂದು ಮಲಗುತ್ತೇವೆ. ಅದೇ ಮಾದರಿಯ ಲ್ಯಾಪ್‌ಟಾಪ್ ಕೊಂಡ ದಾವಣಗೆರೆಯ ವಿದ್ಯಾರ್ಥಿನಿಯೋ, ಶಿರಸಿಯ ಮಾಸ್ತರರೋ ಮುಂದಿನ ತಿಂಗಳು ಅದೇ ಕತ್ತಲಲ್ಲಿ ಅದೇ ತಡಕಾಟ ಶುರುಮಾಡುತ್ತಾರೆ. ಪುಕ್ಕಟೆ ಬಂದ ವಸ್ತುವಿನ ಮೇಲೆ ಋಣವಿರುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ನಮ್ಮ ಮಿಕ್ಕೆಲ್ಲ ಗುಂಡಿಗಳು ಮೊದಲ ದಿನವೇ ಕೆಲಸ ಮಾಡಿದ್ದು ಯಾರೋ ಮಲಗುವ ಮೊದಲು ಹತ್ತು ನಿಮಿಷ ಹೆಚ್ಚು ಕುಳಿತಿದ್ದರಿಂದ.

ಆ ಹತ್ತು ನಿಮಿಷದಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಲ್ಯಾಪ್‌ಟಾಪ್‌ನ ಪೂರ್ಣ ಮಾದರಿ ಹೆಸರು, ಕರ್ನೆಲ್‌ನ ಆವೃತ್ತಿ, ಏನು ಒತ್ತಿದರೆ ಏನಾಗಬೇಕಿತ್ತು, ಏನಾಯಿತು, ಯಾವ ಸಾಲು ಹಾಕಿದ ಮೇಲೆ ಸರಿಹೋಯಿತು, ಇಷ್ಟನ್ನು ಸಮಾಧಾನದಿಂದ ಬರೆಯಬೇಕು. ಕೊಂಕು ಮಾತು ಬೇಡ, ಓದುವವರೂ ಎಷ್ಟೋ ಸಲ ಸಂಬಳವಿಲ್ಲದೆ ರಾತ್ರಿ ಕುಳಿತವರೇ. ಆಲ್ಸಾ-ಇನ್ಫೋ ಎಂಬ ಆಜ್ಞೆ ಕೊಟ್ಟರೆ ಸೌಂಡ್‌ಕಾರ್ಡಿನ ಜಾತಕವೆಲ್ಲ ಒಂದು ಕಡತದಲ್ಲಿ ಸಿದ್ಧವಾಗುತ್ತದೆ. ಕಳಿಸುವ ಮೊದಲು ಒಮ್ಮೆ ಕಣ್ಣಾಡಿಸಿ, ನಿಮ್ಮ ಹೆಸರೋ ಮತ್ತೊಂದೋ ಅದರಲ್ಲಿ ಸೇರಿಕೊಂಡಿದ್ದರೆ ತೆಗೆಯಿರಿ. ನೀವು ಬಳಸುವ ಮಿಂಟ್ ಅಥವಾ ಉಬುಂಟುವಿನ ದೋಷ ವರದಿಯ ವಿಭಾಗಕ್ಕೆ ಅದನ್ನು ಸೇರಿಸಿದರೆ ನಿಮ್ಮ ಪಾಲು ಮುಗಿಯಿತು. ಇಂಗ್ಲಿಷ್ ತೊಡಕೆನಿಸಿದರೆ ಮನೆಯ ಮಕ್ಕಳು ನೆರವಾಗುತ್ತಾರೆ, ವ್ಯಾಕರಣಕ್ಕೆ ಅಲ್ಲಿ ಯಾರೂ ಅಂಕ ಕೊಡುವುದಿಲ್ಲ.

ಉತ್ತರ ಬೇಗ ಬರಬಹುದು, ತಿಂಗಳುಗಟ್ಟಲೆ ಬಾರದೆಯೂ ಇರಬಹುದು. ಹೊಸ ಕರ್ನೆಲ್ ಸುಮಾರು ಒಂಬತ್ತು ಹತ್ತು ವಾರಕ್ಕೊಮ್ಮೆ ಹೊರಬರುತ್ತದೆ. ಇಂಥ ಒಂದು ಸಾಲಿನ ತಿದ್ದುಪಡಿಗಳನ್ನು ಈಗಾಗಲೇ ಬಳಕೆಯಲ್ಲಿರುವ ಆವೃತ್ತಿಗಳಿಗೂ ಸೇರಿಸಲು ಅದರ ನಿಯಮದಲ್ಲಿ ಅವಕಾಶವಿದೆ. ನಿಮ್ಮ ಯಂತ್ರದ ಸಾಲು ಹಾಗೆ ಅಪ್‌ಡೇಟ್‌ನಲ್ಲಿ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಅಂದು ರಾತ್ರಿ ಸೆಟ್ಟಿಂಗ್ ಕಡತದಲ್ಲಿ ನೀವೇ ಬರೆದಿಟ್ಟಿದ್ದ ತಾತ್ಕಾಲಿಕ ಸಾಲನ್ನು ಅಳಿಸಿಬಿಡಿ. ಎರಡೂ ಒಟ್ಟಿಗೆ ಇದ್ದರೆ ಮುಂದೊಂದು ದಿನ ಹೆಡ್‌ಫೋನ್ ಚುಚ್ಚಿದಾಗ ಹೊಸ ತಕರಾರು ಶುರುವಾದೀತು, ಆಗ ಈ ಹಳೆಯ ಸಾಲಿನ ನೆನಪು ಯಾರಿಗೂ ಇರುವುದಿಲ್ಲ.